ಎರಡು ಹುರುಳಿ ರಾಶಿಗಳ ನಡುವೆ

ಆ ಕಾರಿನ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ತೂಕ ಇಳಿಸಲೆಂದು ಭಾವ ಅದರ ಹಿಡಿ, ಒಳಹೊದಿಕೆ, ಗಾಜು ಇಳಿಸುವ ಸಲಕರಣೆ ಎಲ್ಲವನ್ನೂ ಕಳಚಿ ತೆಗೆದಿದ್ದರು. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ, ಅದರಲ್ಲಿ ಅಂಗೈ ತೂರುವಷ್ಟು ಕಿಂಡಿ. ಒಳಗೆ ಕೂತವರು ಇಳಿಯಬೇಕೆಂದರೆ ಹೊರಗಿನಿಂದ ಯಾರಾದರೂ ಬಂದು ತೆರೆಯಬೇಕು. ಜನವರಿಯ ಒಂದು ಶನಿವಾರ ಬೆಳಗ್ಗೆ ಹನ್ನೊಂದರಿಂದ ಸಂಜೆ ಐದೂವರೆಯ ತನಕ, ನಡುವೆ ಒಮ್ಮೆ ಇಳಿದದ್ದು ಬಿಟ್ಟರೆ, ನಾನು ಅದರಲ್ಲಿ ಕೂತಿದ್ದೆ. ಎದೆಯ ಮೇಲೆ ನಾಲ್ಕು ಕಡೆಯಿಂದ ಬಿಗಿದ ಬೆಲ್ಟು, ತೊಡೆಯ ಮೇಲೆ ಲ್ಯಾಪ್‌ಟಾಪು, ಅದರಿಂದ ಡ್ಯಾಶ್‌ಬೋರ್ಡಿನ ಕೆಳಗೆ ಇಳಿದ ದಪ್ಪ ಕೇಬಲ್ಲು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನಾನು ಚಾಮರಾಜನಗರದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದೆವು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ವಾರವೆಲ್ಲ ಡೀಸೆಲ್ ಬಸ್ಸುಗಳ ಕೆಳಗೆ ಮಲಗಿ, ಭಾನುವಾರ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಈ ಕಾರಿನ ಕೆಳಗೆ ಮಲಗುತ್ತಿದ್ದರು. ಹಳೆಯ ಬಿಳಿ ಕಾರು, ಮುಂದಿನ ಎರಡು ಸೀಟು ಬಿಟ್ಟರೆ ಒಳಗೆ ಏನೂ ಇಲ್ಲ. ಮೈಸೂರಿನ ಆಚೆ ಮಣ್ಣಿನ ಮೈದಾನದಲ್ಲಿ ನಡೆಯುವ ಕಾರು ಓಟಕ್ಕೆ ಅದನ್ನು ಎರಡು ಸಲ ಒಯ್ದಿದ್ದರು. ಎರಡು ಸಲವೂ ಅದು ಪಿಸ್ಟನ್ ಕರಗಿ, ಲಾರಿಯ ಮೇಲೆ ಮನೆಗೆ ಬಂದಿತ್ತು.

ಮೂರನೆಯ ಓಟ ಮಾರನೆಯ ದಿನ, ಭಾನುವಾರ. ಹಿಂದಿನ ವಾರ ಅಕ್ಕ ಗಂಡನಿಗೆ ಒಂದು ಮಾತು ಹೇಳಿದ್ದಳು. ನನ್ನ ಎದುರೇ ಹೇಳಿದಳು, ಸಾಕ್ಷಿಗೆ.

“ಅದ್ರ ಕಾಲಿನ ಮೇಲೆ ಅದು ಮನೆಗ್ ಬಂದ್ರೆ ಇರ್ಲಿ, ನಾನು ಇನ್ನು ತುಟಿ ಬಿಚ್ಚಲ್ಲ. ಲಾರಿ ಮೇಲೆ ಬಂತೋ, ಇಳಿಸೋದೇ ಬ್ಯಾಡ. ಅಂಗೇ ಗುಜರಿಗೆ ಕಳಿಸ್ಬುಡಿ.”

“ಆಯ್ತು ಬುಡು,” ಎಂದಿದ್ದರು ಭಾವ. ಅವರು ಮಾತು ಕೊಟ್ಟರೆ ತಪ್ಪುವವರಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಪಿಸ್ಟನ್ ಕರಗುವುದಕ್ಕೆ ಕಾರಣ ಭಾವನಿಗೆ ತಿಳಿದಿತ್ತು. ಇಂಜಿನ್ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಯಬೇಕು. ಕಡಿಮೆಯಾದರೆ ಒಳಗಿನ ಶಾಖ ಏರಿ ಲೋಹ ಕರಗುತ್ತದೆ. ಹೆಚ್ಚಾದರೆ ಕಪ್ಪು ಹೊಗೆ ಕಾರುತ್ತ ಕಾರು ಸೋಮಾರಿಯಾಗುತ್ತದೆ. ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಅವರು ಆಗಲೇ ಹಾಕಿಕೊಂಡಿದ್ದರು. ಆದರೆ ಎಷ್ಟು ಬೆರೆಯುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಮಾಮೂಲಿ ಕಾರುಗಳ ಆಕ್ಸಿಜನ್ ಸೆನ್ಸರು ಪೆಟ್ರೋಲ್ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಅಂಕಿಯಲ್ಲಿ ಹೇಳುವುದು ವೈಡ್‌ಬ್ಯಾಂಡ್ ಸೆನ್ಸರು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ತುದಿಗೆ ತೂತುಗಳಿರುವ ಉಕ್ಕಿನ ಟೋಪಿ, ಹಿಂದೆ ವೈರುಗಳ ಬಾಲ. ಕೊಯಮತ್ತೂರಿನಿಂದ ಅದು ಬಂದದ್ದು ಶುಕ್ರವಾರ ಸಂಜೆ.

ನನ್ನನ್ನು ಕರೆದದ್ದಕ್ಕೆ ಎರಡು ಕಾರಣ. ಅದರ ಜೊತೆಗಿದ್ದ ಇಂಗ್ಲಿಷ್ ಹಾಳೆಯನ್ನು ಓದಿ ಹೇಳಬೇಕು. ಕಾರು ಓಡುವಾಗ ಅಂಕಿಗಳನ್ನು ಕೂಗಿ, ಬರೆದುಕೊಳ್ಳಬೇಕು. “ಡಿಪೋದವ್ರನ್ನ ಕೂರ್ಸುದ್ರೆ ಅಂಕಿ ಓದಕ್ಕಿಂತ ಮುಂಚೆ ಅಭಿಪ್ರಾಯ ಏಳ್ತಾರೆ,” ಎಂದರು ಭಾವ. “ನೀನು ಇದ್ದದ್ದು ಇದ್ದಂಗೆ ಬರೀತಿಯ.”

ಶನಿವಾರ ಬೆಳಗ್ಗೆ ಮೊದಲ ಬಸ್ಸಿಗೆ ಬಂದಿಳಿದಾಗ ಅಕ್ಕ ಅಡುಗೆಮನೆಯಲ್ಲಿ ಉಪ್ಪಿಟ್ಟು ಬಡಿಸಿದಳು.

“ನೀನು ಏನೂ ಉಪಕಾರ ಮಾಡಕ್ಕೋಗ್ಬ್ಯಾಡ,” ಎಂದಳು. “ಕೂರು ಅಂದ ಕಡೆ ಕೂರು. ಬರಿ ಅಂದದ್ದು ಬರಿ. ಕೆಟ್ರೆ ಕೆಡ್ಲಿ.”

ನಾನು ತಟ್ಟೆ ಮುಂದಕ್ಕೆ ಎಳೆದುಕೊಂಡೆ.

“ಎರಡೂವರೆ ವರ್ಷ ಆಯ್ತು ಕಣ್ಲಾ, ಒಂದು ಭಾನುವಾರ ಹೊಸ್ತಿಲು ದಾಟಿ. ಟಾರ್ಚ್ ಹಿಡ್ಕೊ, ಬ್ರೇಕ್ ತುಳಿ, ಆ ಪಾನಾ ಕೊಡು. ನಾನೇನು ಎಂಡ್ತಿಯೋ ಎಲ್ಪರೋ?”

ಕೋಪದಿಂದ ಹೇಳಿದ ಮಾತಾಗಿರಲಿಲ್ಲ. ಸಾರಿಗೆ ಉಪ್ಪು ಎಷ್ಟು ಎನ್ನುವ ಹಾಗೆ ಹೇಳಿದಳು. ನನಗೆ ಅವಳ ಪಕ್ಷ ಸರಿ ಎನ್ನಿಸಿತು. ಇದನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಅದು ಸಂಬಂಧಿಸಿದೆ.

ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬೆಸುಗೆ ಹಾಕುವವನೊಬ್ಬ ಬಂದು ಕಾರಿನ ಹೊಗೆ ಕೊಳವೆಗೆ ತೂತು ಕೊರೆದು, ಒಳಗೆ ತಿರುಪಿನ ಗೆರೆಗಳಿರುವ ದಪ್ಪ ಬಳೆಯೊಂದನ್ನು ಬೆಸೆದುಕೊಟ್ಟ. ಸೆನ್ಸರನ್ನು ಅದರೊಳಗೆ ತಿರುಗಿಸಿ ಕೂರಿಸಬೇಕು. ತುದಿ ಕೆಳಮುಖವಾಗಿರಬೇಕು, ಕೊಳವೆಯೊಳಗಿನ ನೀರು ಅದರ ಮೇಲೆ ನಿಲ್ಲಬಾರದು ಎಂದು ಹಾಳೆಯಲ್ಲಿತ್ತು, ಓದಿ ಹೇಳಿದೆ. ಮುಂದಿನ ಸಾಲು ಇನ್ನೂ ಮುಖ್ಯವಾದದ್ದು. ಕೊಳವೆಗೆ ಹಾಕುವ ಮುಂಚೆ ಸೆನ್ಸರನ್ನು ಬಯಲಿನಲ್ಲಿ ತೂಗುಬಿಟ್ಟು, ವಿದ್ಯುತ್ ಕೊಟ್ಟು, ಬಿಸಿಯಾಗಲು ಬಿಡಬೇಕು. ಆಗ ಅದು ಸುತ್ತಲಿನ ಬರಿಯ ಗಾಳಿಯನ್ನು ಅಳೆದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಹೇಳುವ ಪ್ರತಿ ಅಂಕಿಗೂ ಆ ಗಾಳಿಯೇ ಗಜಕಡ್ಡಿ.

ಭಾವ ಅದನ್ನು ಶೆಡ್ಡಿನ ಬಾಗಿಲ ಚಿಲಕಕ್ಕೆ ತಂತಿಯಿಂದ ನೇತುಹಾಕಿ, ವೈರು ಜೋಡಿಸಲು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದರು. ಅವರ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಆಗ ಅವರ ತಾಯಿ, ನಾನು ಅತ್ತೆ ಎಂದು ಕರೆಯುವವರು, ಒಂದು ಕೈಯಲ್ಲಿ ವಿಭೂತಿ ಗಟ್ಟಿ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ಬಂದರು. ಆ ಮನೆಗೆ ಯಾವ ಹೊಸ ಸಾಮಾನು ಬಂದರೂ, ಮಿಕ್ಸಿಯಾಗಲಿ ಮೊಬೈಲಾಗಲಿ, ಮೊದಲು ಅವರ ಮೂರು ಬೆರಳು ಅದರ ಮೇಲೆ ಆಡಬೇಕು.

ಸೆನ್ಸರನ್ನು ಮೇಲಿಂದ ಕೆಳಗೆ ನೋಡಿದರು.

“ಇದ್ರಲ್ಲಿ ತಲೆ ಯಾವ್ದು ಮಗ?”

ನಾನು ತೂತುಗಳಿದ್ದ ತುದಿಯನ್ನು ತೋರಿಸಿದೆ.

ಯಾಕೆ ತೋರಿಸಿದೆ ಎಂದರೆ, ಕೇಳಿದ ಪ್ರಶ್ನೆಗೆ ಅದೇ ಸರಿಯುತ್ತರ. ಬಾಲ ವೈರಿನ ಕಡೆ, ತಲೆ ಈ ಕಡೆ. ಅವರು ಗಟ್ಟಿಯನ್ನು ನೀರಿಗೆ ಅದ್ದಿ ಉಜ್ಜಿ, ಆ ಉಕ್ಕಿನ ಟೋಪಿಗೆ ಸುತ್ತಲೂ ಮೂರು ಗೆರೆ ಎಳೆದರು. ಉಳಿದ ಪೇಸ್ಟನ್ನು ಹೆಬ್ಬೆರಳಿನಿಂದ ನೆತ್ತಿಗೆ ಒತ್ತಿದರು. ತೂತುಗಳಲ್ಲಿ ಬಿಳಿ ಬೂದಿ ತುಂಬಿದ್ದನ್ನು ನಾನು ನೋಡಿದೆ. ಅತ್ತೆ ಕೈ ಮುಗಿದು ಒಳಗೆ ಹೋದರು.

ಕಾರಿನೊಳಗಿಂದ ಭಾವ ಕೂಗಿದರು: “ಕರೆಂಟ್ ಕೊಟ್ಟೆ. ಏನಾದ್ರೂ ಆಯ್ತಾ ಇದ್ಯಾ?”

“ಕಾಯ್ತಾ ಇದೆ ಭಾವ. ತೇವ ಆರಿತು.”

ಎರಡು ಮಾತೂ ನಿಜ. ಹೇಳದೆ ಬಿಟ್ಟದ್ದು ಮೂರನೆಯದು. ಒರೆಸಿಬಿಡಲೇ ಎಂದು ಕೈ ಮುಂದೆ ಹೋಗಿತ್ತು. ಆದರೆ ಒರೆಸಿದರೆ ಅತ್ತೆ ನೋಡಿಯಾರು. ಜೊತೆಗೆ ಅಕ್ಕ ಹೇಳಿದ್ದಳಲ್ಲ, ಏನೂ ಮಾಡಬೇಡ ಎಂದು. ಘಟನೆಯೊಳಗೆ ಕೈ ಹಾಕದೆ ನಿಂತು ನೋಡುವುದು ನನ್ನ ಕಸುಬೂ ಹೌದು. ಅಳತೆ ಮುಗಿದು ಹಸಿರು ದೀಪ ಬಂತು. ಭಾವ ಹೊರಬಂದು, ಬೂದಿಯನ್ನು ಗಮನಿಸದೆಯೋ, ಗಮನಿಸಿಯೂ ತಾಯಿಯ ಕೆಲಸವೆಂದು ಸುಮ್ಮನಿದ್ದೋ, ಸೆನ್ಸರನ್ನು ಕೊಳವೆಗೆ ಬಿಗಿದರು.

ಕಾರು ಓಡಿಸಿ ಅಂಕಿ ನೋಡಲು ಹಂಗಳದ ಕಡೆ ಹೋದರೆ ಕಾಡು, ವೇಗ ಮಾಡುವ ಹಾಗಿಲ್ಲ. ಮೈಸೂರು ರಸ್ತೆಯಲ್ಲಿ ಲಾರಿಗಳ ಸಾಲು. ತೆರಕಣಾಂಬಿ ಕಡೆಯ ಹೊಲಗಳ ನಡುವೆ ಹೊಸದಾಗಿ ಡಾಂಬರು ಹಾಕಿದ, ಇನ್ನೂ ಬಸ್ಸು ಬಿಡದ ರಸ್ತೆಯೊಂದಿತ್ತು. ಅಲ್ಲಿಗೆ ಹೋದಾಗ ಹುರುಳಿ ಒಕ್ಕಣೆ ನಡೆದಿತ್ತು. ರಸ್ತೆಗೆ ಅಡ್ಡಲಾಗಿ ಮೊಣಕಾಲೆತ್ತರ ಹುರುಳಿ ಗಿಡ ಹರಡಿ, ಹೋಗಿ ಬರುವ ಟ್ರ್ಯಾಕ್ಟರು ತುಳಿಯಲೆಂದು ಬಿಟ್ಟಿದ್ದರು. ಮುಂದೆ ಒಂದು ಕಿಲೋಮೀಟರಿನಲ್ಲಿ ಇನ್ನೊಂದು ಕುಟುಂಬದ ಹುರುಳಿ. ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು. ಒಣ ಬಳ್ಳಿ ಸುತ್ತಿಕೊಂಡು ಕಾದ ಕೊಳವೆಗೆ ತಾಗಿದರೆ ಬೆಂಕಿ. ಮೊದಲ ರಾಶಿಯ ಹೆಂಗಸರು ಬದಿಯಲ್ಲಿ ಗಿಡ ಸರಿಸಿ, ಒಮ್ಮೆ ಒಳಗೆ ಹೋಗಲು ಬಿಟ್ಟರು.

“ಓಗಿ, ಓಗಿ. ಮತ್ತೆ ಮತ್ತೆ ಸರಿಸಕ್ಕಾಗಲ್ಲ. ಸಂಜೆಗೆ ರಾಶಿ ಎತ್ತಿದ್ಮೇಲೇ ಆಚೆ.”

ಹಾಗೆ ಆ ಒಂದು ಕಿಲೋಮೀಟರಿನಲ್ಲಿ ನಾವು ಸಿಕ್ಕಿಕೊಂಡೆವು. ಈ ರಾಶಿಯಿಂದ ಆ ರಾಶಿಗೆ, ತಿರುಗಿಸಿ, ಆ ರಾಶಿಯಿಂದ ಈ ರಾಶಿಗೆ. ಇಂಜಿನ್ನಿನ ಶಾಖ ಕಾರಿನೊಳಗೆ ಹರಿದು ಅದು ತಣ್ಣಗಿರಲೆಂದು ಭಾವ ಹೀಟರು ಹಾಕಿದ್ದರು. ಆ ಬಿಸಿಗಾಳಿ ನೇರ ನನ್ನ ಮೊಣಕಾಲಿಗೆ. ಪ್ಲಾಸ್ಟಿಕ್ ಕಿಟಕಿಯಿಂದ ಬರುತ್ತಿದ್ದದ್ದು ಧೂಳು ಮತ್ತು ಹುರುಳಿ ಹೊಟ್ಟು.

ಭಾವ ಆಕ್ಸಿಲರೇಟರ್ ಒತ್ತುತ್ತಿದ್ದರು, ನಾನು ಕೂಗುತ್ತಿದ್ದೆ. ಪೂರ್ತಿ ಒತ್ತಿದಾಗ ಅಂಕಿ ಹನ್ನೆರಡೂವರೆ ಇರಬೇಕು ಎಂದು ಮೊದಲೇ ಹೇಳಿದ್ದರು. ಒಂದು ಪಾಲು ಪೆಟ್ರೋಲಿಗೆ ಹನ್ನೆರಡೂವರೆ ಪಾಲು ಗಾಳಿ ಎಂದು ಅದರರ್ಥ. ಅಂಕಿ ಚಿಕ್ಕದಾದಷ್ಟೂ ಪೆಟ್ರೋಲು ಹೆಚ್ಚು.

“ಹನ್ನೊಂದು ಪಾಯಿಂಟ್ ಎರಡು.”

“ಥೂ, ಕುಡುಕ ಮುಂಡೇದು. ಪೆಟ್ರೋಲ್ ಕಮ್ಮಿ ಮಾಡು.”

ಲ್ಯಾಪ್‌ಟಾಪಿನಲ್ಲಿ ಅವರು ತೋರಿಸಿಕೊಟ್ಟ ಚೌಕಗಳಲ್ಲಿ ಪೆಟ್ರೋಲಿನ ಪ್ರಮಾಣ ಇಳಿಸಿದೆ. ಮತ್ತೆ ಓಟ. ಹನ್ನೊಂದೂವರೆ. ಮತ್ತೆ ಇಳಿಸಿದೆ. ಹನ್ನೆರಡು. ಪ್ರತಿ ಸುತ್ತಿಗೂ ಕಾರು ಚುರುಕಾಗುತ್ತಿತ್ತು, ಬೆಲ್ಟು ನನ್ನ ಹೆಗಲನ್ನು ಹಿಂದಕ್ಕೆ ಎಳೆಯುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಹನ್ನೆರಡೂವರೆಗೆ ಬಂದೆವು. ಭಾವ ಸ್ಟೀರಿಂಗಿಗೆ ಹೊಡೆದು ನಕ್ಕರು. ಎರಡೂವರೆ ವರ್ಷದಲ್ಲಿ ನಾನು ನೋಡಿದ ಮೊದಲ ನಗು.

ಮೊದಲ ರಾಶಿಯ ಬಳಿ ತಿರುಗಿಸಲು ನಿಂತಾಗ, ಮೊರ ಹಿಡಿದಿದ್ದ ನಡುವಯಸ್ಸಿನ ಹೆಂಗಸೊಬ್ಬರು ನನ್ನ ಕಿಂಡಿಯ ಹತ್ತಿರ ಬಗ್ಗಿದರು.

“ಅಣ್ಣೋ, ನಿಮ್ ಕಾರೊಳಗೆ ಯಾರೋ ಬಾಣ್ಲೀಲಿ ಕಡ್ಲೆ ಹುರೀತಾವ್ರೆ!”

ಅವರ ಹಿಂದಿದ್ದವರು ನಕ್ಕರು. “ನಮ್ಗೂ ಒಂದ್ ಇಡಿ ಕೊಡಿ ಮತ್ತೆ,” ಎಂದಳು ಇನ್ನೊಬ್ಬಳು.

ಭಾವನೂ ನಕ್ಕು ಕಾರು ತಿರುಗಿಸಿದರು. ನಾನು ನಗಲಿಲ್ಲ. ಹೀಟರಿನ ಗದ್ದಲದಲ್ಲಿ ನಮಗೆ ಕೇಳದ ಸದ್ದು ಹೊರಗಿನವರಿಗೆ ಕೇಳಿತ್ತು. ಪೆಟ್ರೋಲ್ ಕಡಿಮೆಯಾದ ಇಂಜಿನ್ ಕರಗುವ ಮುಂಚೆ ಹೇಗೆ ಸದ್ದು ಮಾಡುತ್ತದೆ ಎಂದು ಭಾವನೇ ಹಿಂದೊಮ್ಮೆ ನನಗೆ ವಿವರಿಸಿದ್ದರು. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ, ಎಂದಿದ್ದರು. ಅಂಕಿ ಸರಿಯಿದೆ ಎನ್ನುತ್ತಿದೆ, ಸದ್ದು ಅಲ್ಲ ಎನ್ನುತ್ತಿದೆ. ಹಾಗಾದರೆ ಅಂಕಿ ಸುಳ್ಳು.

ಯಾಕೆ ಸುಳ್ಳೆಂದು ಊಹಿಸಲು ನನಗೆ ಆ ಕಿಲೋಮೀಟರು ಸಾಕಾಯಿತು. ಬೂದಿ ಅರ್ಧ ಬಾಯಿ ಮುಚ್ಚಿದ್ದಾಗ ಸೆನ್ಸರು ಗಾಳಿಯ ಅಳತೆ ಕಲಿತಿತ್ತು. ಆಮೇಲೆ ಹೊಗೆಯ ರಭಸಕ್ಕೆ ಬೂದಿ ಉದುರಿ ಬಾಯಿ ತೆರೆದುಕೊಂಡಿತು. ಈಗ ಅದು ಎಲ್ಲವನ್ನೂ ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಿದೆ. ಪೆಟ್ರೋಲ್ ಸ್ವಲ್ಪ ಹೆಚ್ಚಿದ್ದರೆ ತುಂಬ ಹೆಚ್ಚಿದೆ ಎನ್ನುತ್ತಿದೆ. ಅದನ್ನು ನಂಬಿ ನಾನು, ನನ್ನ ಕೈಯಾರೆ, ಪೆಟ್ರೋಲ್ ಇಳಿಸುತ್ತ ಬಂದಿದ್ದೆ.

ಎರಡನೆಯ ರಾಶಿ ಹತ್ತಿರ ಬರುತ್ತಿತ್ತು. ನಾನು ಬಾಯಿ ತೆರೆದರೆ, ತಾಯಿಯ ವಿಭೂತಿಯ ಮೇಲೆ ಮಗನ ಎದುರು ದೂರು ಹೇಳಿದಂತೆ. ಅದಕ್ಕಿಂತ ಮೊದಲು, ತಲೆ ಯಾವುದೆಂದು ತೋರಿಸಿದವನು ನಾನೇ ಎಂದು ಹೇಳಬೇಕು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಳೆ ಓಟದಲ್ಲಿ ಪಿಸ್ಟನ್ ಕರಗುತ್ತದೆ, ಲಾರಿ ಗುಜರಿಗೆ ಹೋಗುತ್ತದೆ, ಅಕ್ಕ ಶೆಡ್ಡಿನಿಂದ ಬಿಡುಗಡೆಯಾಗುತ್ತಾಳೆ. ಅವಳಿಗೆ ಬೇಕಾದದ್ದೂ ಅಷ್ಟೇ, ನನ್ನಿಂದ ಕೇಳಿದ್ದೂ ಅಷ್ಟೇ. ಪಕ್ಕದಲ್ಲಿ ಭಾವ ಇನ್ನೂ ನಗುತ್ತಿದ್ದರು.

ಭಾವ ಮತ್ತೆ ಪೂರ್ತಿ ಒತ್ತಲು ಗೇರು ಇಳಿಸಿದರು.

“ಭಾವ, ಬೇಡ. ನಿಲ್ಸಿ.”

ನಿಲ್ಲಿಸಿದರು. ವರದಿ ಒಪ್ಪಿಸುವಂತೆ ಹೇಳಿದೆ. ಅತ್ತೆ ಕೇಳಿದ್ದು, ನಾನು ತೋರಿಸಿದ್ದು, ಮೂರು ಗೆರೆ, ಹೆಬ್ಬೆರಳು, ಹಸಿರು ದೀಪ. ಅವರು ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದರು. ಮುಗಿದ ಮೇಲೆ ಇಂಜಿನ್ ಆರಿಸಿ ಇಳಿದು ಹೋದರು. ನನ್ನ ಬಾಗಿಲು ತೆರೆಯಲಿಲ್ಲ.

ಕೊಳವೆ ತಣಿಯಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟೂ ಹೊತ್ತು ನಾನು ಒಳಗೇ. ಕೂಗಬಹುದಿತ್ತು, ಕೂಗಲಿಲ್ಲ. ಎರಡನೆಯ ರಾಶಿಯ ಅಜ್ಜಿಯೊಬ್ಬರು ಬಂದು ಕಿಂಡಿಯಲ್ಲಿ ಇಣುಕಿದರು.

“ಯಾಕಪ್ಪ, ಕೂಡಾಕ್ಬುಟ್ಟು ಓದನಾ? ಏನ್ ತಪ್ ಮಾಡ್ದೆ?”

“ಇದ್ದದ್ದು ಹೇಳ್ದೆ ಅಜ್ಜಿ.”

“ಅಂಗಾದ್ರೆ ಸರಿಯಾಗೇ ಕೂಡಾಕವ್ನೆ,” ಎಂದು ಕಿಂಡಿಯಿಂದ ನೀರಿನ ಬಾಟಲಿ ತೂರಿಸಿದರು.

ಭಾವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರು. ಬಿಳಿಚಿಕೊಂಡಿತ್ತು, ಮೇಲೆ ಸಣ್ಣ ಸಣ್ಣ ಲೋಹದ ಚುಕ್ಕಿ, ಪೆಟ್ರೋಲ್ ಸಾಲದೆ ಪಿಸ್ಟನ್ ಕರಗತೊಡಗಿದ್ದರ ಗುರುತು. ಆಮೇಲೆ ಸೆನ್ಸರು ತಿರುಗಿಸಿ ತೆಗೆದು, ನನ್ನ ಕಿಂಡಿಯ ಮುಂದೆ ಹಿಡಿದರು. ತೂತುಗಳೆಲ್ಲ ಸ್ವಚ್ಛ.

“ಎಲ್ಲದೆ ಈಬೂತಿ?”

“ಈಗಿಲ್ಲ. ಆಗಿತ್ತು.”

ನನ್ನ ಮುಖ ನೋಡಿದರು. ನನ್ನ ಮಾತು ಬಿಟ್ಟರೆ ಅವರ ಹತ್ತಿರ ಬೇರೆ ಪುರಾವೆ ಇರಲಿಲ್ಲ. ಅಕ್ಕ ನನಗೆ ಏನು ಹೇಳಿ ಕಳಿಸಿದ್ದಾಳೆಂದು ಅವರು ಊಹಿಸದೆ ಇರಲಾರರು. ನಾನು ಓಟ ಕೆಡಿಸಲು ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳಲು ಅಷ್ಟು ಸಾಕಿತ್ತು.

“ಪ್ಲಗ್ ಸುಳ್ಳೇಳಲ್ಲ,” ಎಂದರು ಕೊನೆಗೆ. ಬಾಗಿಲು ತೆರೆದರು. “ಇಳಿ. ಕಾಲಾಡ್ಸು. ಅವ್ವಂಗೆ ಏಳ್ಬ್ಯಾಡ.”

ಸೆನ್ಸರನ್ನು ಬೇಲಿಯ ಕಳ್ಳಿ ಕೊಂಬೆಗೆ ತೂಗುಬಿಟ್ಟು, ಬರಿಯ ಗಾಳಿಯಲ್ಲಿ ಮತ್ತೆ ಕಾಯಿಸಿದೆವು. ಹಸಿರು ದೀಪ ಬಂತು. ಕೊಳವೆಗೆ ಬಿಗಿದು, ಸೆಟ್ಟಿಂಗ್ ಏನೂ ಬದಲಿಸದೆ, ರಸ್ತೆಯ ಅರ್ಧ ದೂರ ಮಾತ್ರ ಪೂರ್ತಿ ಒತ್ತಿದರು. ಮೊದಲು ಹನ್ನೆರಡೂವರೆ ತೋರಿಸಿದ್ದ ಜಾಗದಲ್ಲಿ ಈಗ ಹದಿಮೂರು ಪಾಯಿಂಟ್ ಮೂರು. ನಾನು ಕೂಗಿದೆ. ಭಾವ ತಕ್ಷಣ ಕಾಲು ತೆಗೆದರು. ಇಳಿಸಿದ್ದ ಪೆಟ್ರೋಲನ್ನು ಒಂದೊಂದೇ ಚೌಕದಲ್ಲಿ ವಾಪಸು ತುಂಬುತ್ತ ಹೋದೆ. ಮೊದಲ ರಾಶಿಯ ಹತ್ತಿರ ಪ್ರತಿ ಸಲ ನಿಲ್ಲಿಸಿ ಭಾವ ಆ ಹೆಂಗಸನ್ನು ಕೇಳುತ್ತಿದ್ದರು:

“ಅಕ್ಕಾ, ಕಡ್ಲೆ?”

“ಇನ್ನೂ ಸ್ವಲ್ಪ ಹುರೀತೈತೆ.”

ಮತ್ತೊಂದು ಸುತ್ತು.

“ಈಗ?”

“ಒಲೆ ಆರ್ತು ಓಗಿ.”

ಅಂಕಿ ಹನ್ನೆರಡೂವರೆ. ಐದೂವರೆಗೆ ಅವರು ರಾಶಿ ಎತ್ತಿ ದಾರಿ ಬಿಟ್ಟರು.

ಭಾನುವಾರದ ಓಟದಲ್ಲಿ ಹದಿನಾರು ಕಾರುಗಳಿದ್ದವು. ನಮ್ಮದು ಒಂಬತ್ತನೆಯದು. ಸಂಜೆ ಭಾವ ಅದನ್ನು ಓಡಿಸಿಕೊಂಡೇ ಗುಂಡ್ಲುಪೇಟೆಗೆ ಬಂದರು. ನಾನು ಪಕ್ಕದಲ್ಲಿದ್ದೆ. ಗೇಟಿನಲ್ಲಿ ಅತ್ತೆ ನಿಂತಿದ್ದರು. “ನಾನ್ ಇಟ್ಟ ಈಬೂತಿ ಕಾಪಾಡ್ತು ನೋಡು,” ಎಂದರು. “ಹೂಂ ಕಣವ್ವ,” ಎಂದರು ಭಾವ.

ಅಕ್ಕ ಗೇಟು ಪೂರ್ತಿ ತೆರೆದು, ಕಾರು ಒಳಗೆ ಹೋಗುವ ತನಕ ಹಿಡಿದು ನಿಂತಳು. ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ನನ್ನೊಬ್ಬನನ್ನೇ ಕೇಳಿದಳು.

“ನಿನ್ನೆ ಏನಾಯ್ತು? ಮಧ್ಯಾಹ್ನ ಕೆಟ್ಟಿತ್ತಂತೆ.”

ಭಾವನಿಗೆ ಹೇಳಿದಷ್ಟನ್ನೂ ಅವಳಿಗೂ ಹೇಳಿದೆ. ಒಂದು ಸಾಲು ಹೆಚ್ಚಾಗಿ, ಸುಮ್ಮನಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿತ್ತು ಎಂಬುದನ್ನೂ.

“ಗೊತ್ತಿದ್ದೂ ಏಳ್ದೆ.”

“ಹೂಂ.”

ಅನ್ನದ ಸೌಟು ಪಾತ್ರೆಯಲ್ಲಿಟ್ಟು ಒಳಗೆ ಹೋದಳು. ಮೊಸರು ನಾನೇ ಹಾಕಿಕೊಂಡೆ.

ಮುಂದಿನ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಚಾಮರಾಜನಗರದ ನನ್ನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದ ಸದ್ದು. ತೆರೆದರೆ ಅಕ್ಕ. ಕೈಯಲ್ಲಿ ಚೀಲವಿಲ್ಲ, ಡಬ್ಬಿಯಿಲ್ಲ. ಚಪ್ಪಲಿ ಬಿಟ್ಟು ನೇರ ಬಂದು ನನ್ನ ಮಂಚದ ಮೇಲೆ ಕೂತಳು. ನಾನು ಸಂತೆಮರಹಳ್ಳಿಗೆ ಒಂದು ಸುದ್ದಿಗಾಗಿ ಹೊರಟಿದ್ದೆ, ಅಂಗಿ ಹಾಕಿಕೊಂಡಾಗಿತ್ತು.

“ಭಾವ?”

“ಶೆಡ್ಡಲ್ಲವ್ರೆ. ಟಾರ್ಚನ್ನ ಅವ್ರೇ ಬಾಯಲ್ಲಿ ಕಚ್ಕೊಂಡವ್ರೆ.”

“ತಿಂಡಿ ಆಯ್ತಾ?”

“ಇಲ್ಲ. ನೀನೇ ಮಾಡು.”

“ಅಕ್ಕ, ನಾನು ಈಗ ಹೊರಡಬೇಕು…”

“ನನ್ ಭಾನುವಾರ ಕಳ್ದೋನು ನೀನು ಕಣ್ಲಾ. ಇನ್ಮೇಲೆ ನಿನ್ ಭಾನುವಾರ ನಂದು.” ದಿಂಬನ್ನು ಗೋಡೆಗೆ ಒರಗಿಸಿ ಕಾಲು ಚಾಚಿದಳು. “ಈರುಳ್ಳಿ ಸಣ್ಣಗೆ ಎಚ್ಚು. ಹೋದ್ ಸಲ ದಪ್ಪ ಮಾಡಿದ್ದೆ.”

ಸುದ್ದಿಗೆ ಬರುವುದಿಲ್ಲವೆಂದು ಫೋನ್ ಮಾಡಿ, ನಾನು ಅಂಗಿಯ ತೋಳು ಮಡಚಿದೆ.